ಒಂದು ಆಲ್ಬಂ, ಎರಡು ಅಂಕ: ನಮ್ಮಿಬ್ಬರನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಗೆಳತಿಯ ಔಷಧ ಅಂಗಡಿ ಇದೆ. ಅದರ ಕೌಂಟರಿನ ಗಾಜಿಗೆ ತಿಂಗಳಿಗೊಂದು ಹಾಳೆ ಅಂಟಿಸುತ್ತೇವೆ. ಆ ತಿಂಗಳು ನಾವಿಬ್ಬರೂ ಕೇಳಿದ ಹೊಸ ಆಲ್ಬಂಗಳ ಹೆಸರು, ಪಕ್ಕದಲ್ಲಿ ಹತ್ತಕ್ಕೆ ಇಷ್ಟು ಅಂತ ಇಬ್ಬರವೂ ಸೇರಿ ಎರಡೆರಡು ಅಂಕ, ಕೆಳಗೆ ನಾಲ್ಕಾರು ಸಾಲು ಅಭಿಪ್ರಾಯ. ಗುಳಿಗೆ ಒಯ್ಯಲು ಬಂದವರು ಚಿಲ್ಲರೆ ಎಣಿಸುತ್ತ ಓದುತ್ತಾರೆ. ಕೆಲವರು ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಜಗಳಕ್ಕೆ ಬರುವವರೂ ಉಂಟು. ಕೇಳಿದ್ದನ್ನೇ ಕೇಳುವವರು ಜಾಸ್ತಿ ಆಗಿದ್ದರಿಂದ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇವೆ. ಬರೆದವಳು ನಾನು. ಗೆಳತಿ ಒಪ್ಪದ ಕಡೆ ಹಾಗಂತ ಹೇಳಿದ್ದೇನೆ.

ನೀವು ಯಾರ್ರೀ? ಸಂಗೀತ ಕಲಿತವರಾ?

ನಾನು ಬಾಗಲಕೋಟೆ ನವನಗರದವಳು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಗೆಳತಿಯೂ ನಾನೂ ಕಾಲೇಜಿನಲ್ಲಿ ಒಂದೇ ರೂಮಿನಲ್ಲಿದ್ದೆವು. ಒಂದು ಇಯರ್‌ಫೋನಿನ ಎರಡು ಎಳೆ ಹಂಚಿಕೊಂಡು ಹಾಡು ಕೇಳಿದವರು. ಅವಳ ತಂದೆ ಭಜನಾ ಮಂಡಳಿಯಲ್ಲಿ ಪೇಟಿ (ಹಾರ್ಮೋನಿಯಂ) ನುಡಿಸುತ್ತಿದ್ದರು, ಹಾಗಾಗಿ ಅವಳಿಗೆ ಸ್ವರ ಗೊತ್ತಾಗುತ್ತದೆ. ನನಗೆ ಅದಿಲ್ಲ. ಆದರೆ ಹಾಡಿನ ಮಾತು ಕಿವಿಗೆ ಸರಿಯಾಗಿ ಬೀಳದಿದ್ದರೆ ನನಗೆ ತಡೆಯಲಾಗುವುದಿಲ್ಲ. ‘ಆಕಿ ದನಿ ನೋಡ್ತಾಳ, ಈಕಿ ಮಾತು ನೋಡ್ತಾಳ’ ಅಂತ ಅಂಗಡಿಗೆ ಬರುವ ಕಾಕಾ ಒಬ್ಬರು ಹೇಳುತ್ತಿರುತ್ತಾರೆ. ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ.

ಒಂದು ಆಲ್ಬಂಗೆ ಎರಡು ಅಂಕ ಯಾಕೆ? ಸರಾಸರಿ ತೆಗೆದು ಒಂದೇ ಬರೆದರೆ ಆಗಲ್ವಾ?

ಆಗಲ್ಲ. ಮಿಕ್ಕ ನಿಯಮಗಳನ್ನು ಬೇಕಾದರೆ ಸಡಿಲ ಮಾಡೋಣ, ಇದನ್ನು ಮಾತ್ರ ಬಿಡುವುದಿಲ್ಲ.

ಲೆಕ್ಕದ ಟೀಚರ್ ಹೇಳ್ತೀನಿ ಕೇಳಿ. ಒಂದು ಆಲ್ಬಂಗೆ ನಾನು 8 ಕೊಟ್ಟೆ, ಗೆಳತಿ 4 ಕೊಟ್ಟಳು. ಸರಾಸರಿ 6. ಇನ್ನೊಂದಕ್ಕೆ ಇಬ್ಬರೂ 6 ಕೊಟ್ಟೆವು. ಸರಾಸರಿ ಅದೂ 6. ಹಾಳೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಮೊದಲನೆಯದು ಒಬ್ಬಳನ್ನು ಕೂರಿಸಿಕೊಂಡು ಇನ್ನೊಬ್ಬಳನ್ನು ಎಬ್ಬಿಸಿ ಕಳಿಸಿದ ಆಲ್ಬಂ. ಎರಡನೆಯದು ಚಹಾ ಆರುವಷ್ಟರಲ್ಲಿ ಮರೆತುಹೋಗುವಂಥದ್ದು. ನೀವು ಕೇಳಬೇಕಾದದ್ದು ಮೊದಲನೆಯದನ್ನು, ಯಾಕೆಂದರೆ ಅದರಲ್ಲಿ ಏನೋ ಇದೆ. ಅದು ನಿಮಗೆ ಹಿಡಿಸುತ್ತದೋ ಇಲ್ಲವೋ, ಆಮೇಲಿನ ಮಾತು. ಸರಾಸರಿ ಬರೆದರೆ ಆ ಸುಳಿವೇ ಅಳಿಸಿಹೋಗುತ್ತದೆ.

ನಮ್ಮ ಕಡೆಯವರಿಗೆ ಇದು ಹೊಸದೂ ಅಲ್ಲ. ಹರದೇಶಿ-ನಾಗೇಶಿ ಗೀಗೀ ಪದ ಕೇಳಿದ್ದೀರಿ ತಾನೇ? ಹರದೇಶಿಯವರು ಗಂಡು ಹೆಚ್ಚು ಅನ್ನುತ್ತಾರೆ. ನಾಗೇಶಿಯವರು ಹೆಣ್ಣು ಹೆಚ್ಚು ಅನ್ನುತ್ತಾರೆ. ದಪ್ಪು, ತುಂತುಣಿ, ತಾಳ ಹಿಡಿದು ಬೆಳತನಕ ಸವಾಲು-ಜವಾಬು ನಡೆಯುತ್ತದೆ. ಹಿಮ್ಮೇಳದವರು ಗೀ ಗೀ ಅಂತ ದನಿ ಕೂಡಿಸುತ್ತಾರೆ, ಆದರೆ ನಿಲುವು ಕೂಡಿಸುವುದಿಲ್ಲ. ಬೆಳಗಾದ ಮೇಲೆ ಯಾರೋ ಎದ್ದು ನಿಂತು ‘ಇಬ್ಬರದೂ ಅರ್ಧರ್ಧ ಸರಿ’ ಅಂದರೆ ಕೂತವರು ನಗುತ್ತಾರೆ. ಜನ ತಂತಮ್ಮ ಪಕ್ಷ ಹಿಡಿದು ವಾದಿಸುತ್ತಲೇ ಮನೆಗೆ ಹೋಗುತ್ತಾರೆ. ನಮ್ಮ ಹಾಳೆ ಓದಿದವರೂ ಹಾಗೇ ಹೋಗಲಿ ಅಂತ ಆಸೆ.

ಅಂಕಗಳ ನಡುವೆ 3ಕ್ಕಿಂತ ಹೆಚ್ಚು ಅಂತರ ಬಂದರೆ ಇಬ್ಬರೂ ಆ ಆಲ್ಬಂ ಮತ್ತೆ ಕೇಳುತ್ತೇವೆ. ಅಂಕ ಹೊಂದಿಸಲಿಕ್ಕೆ ಅಲ್ಲ, ದಾರಿ ಎಲ್ಲಿ ಬೇರೆಯಾಯಿತು ಅಂತ ಹುಡುಕಲಿಕ್ಕೆ. ಸಾಮಾನ್ಯವಾಗಿ ಒಂದೇ ಹಾಡಿನ ಒಂದೇ ತಿರುವಿನಲ್ಲಿ ಅದು ಸಿಗುತ್ತದೆ. ಎರಡನೇ ಚರಣ ಮುಗಿದ ಮೇಲೆ ಕೊಳಲಿನ ಒಂದು ಎಳೆ ಬರುತ್ತದೆ ಅಂದುಕೊಳ್ಳಿ. ನನಗೆ ಅಲ್ಲಿ ಉಸಿರು ಬಿಟ್ಟ ಹಾಗೆ ಆಗುತ್ತದೆ. ಅವಳಿಗೆ ಅದೇ ಎಳೆ ಇನ್ಯಾವುದೋ ಸಿನಿಮಾ ಹಾಡಿನಿಂದ ಎತ್ತಿದ್ದು ಅಂತ ಗೊತ್ತಾಗಿ ಮೂಡು ಹೋಗುತ್ತದೆ. ಆ ಜಾಗವನ್ನು ನಿಮಿಷ, ಸೆಕೆಂಡು ಸಹಿತ ಹಾಳೆಯಲ್ಲಿ ಬರೆಯುತ್ತೇವೆ. ನೀವೇ ಹೋಗಿ ಕೇಳಿ, ನೀವೇ ತೀರ್ಮಾನ ಮಾಡಿ.

ಒಬ್ಬರ ಅಂಕ ನೋಡಿ ಇನ್ನೊಬ್ಬರು ಬದಲಾಯಿಸಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?

ರಾತ್ರಿ 9ಕ್ಕೆ ಸರಿಯಾಗಿ ಇಬ್ಬರೂ ಒಟ್ಟಿಗೆ ವಾಟ್ಸಾಪಿನಲ್ಲಿ ಅಂಕ ಕಳಿಸುತ್ತೇವೆ. ಅಲ್ಲಿತನಕ ಆ ಆಲ್ಬಂ ಬಗ್ಗೆ ಒಂದಕ್ಷರ ಮಾತಾಡುವ ಹಾಗಿಲ್ಲ. ‘ಏ, ಮೂರನೇ ಹಾಡು ಕೇಳಿದೇನು?’ ಅಂತ ಸುಮ್ನೆ ಕೇಳುವ ಹಾಗೂ ಇಲ್ಲ. ಆ ದನಿಯಲ್ಲೇ ಅಂಕ ಗೊತ್ತಾಗಿಬಿಡುತ್ತದೆ.

ಆಲ್ಬಂ ಅಂದ್ರೆ ಯಾವುದನ್ನ ಲೆಕ್ಕಕ್ಕೆ ತಗೋತೀರಿ? ಸಿನಿಮಾ ಹಾಡುಗಳೂ ನಡೀತಾವಾ?

ಕನಿಷ್ಠ ನಾಲ್ಕು ಹಾಡು ಇರಬೇಕು, ಇಲ್ಲಾ ಒಟ್ಟು 20 ನಿಮಿಷ ಇರಬೇಕು. ಹಿಂದೂಸ್ತಾನಿ ಗಾಯಕರ ಒಂದು ರಾಗವೇ ಅರ್ಧ ಗಂಟೆ ಹೋಗುತ್ತದೆ, ಅವರಿಗೆ ನಾಲ್ಕು ಹಾಡಿನ ನಿಯಮ ಹಾಕುವುದು ಸರಿಯಲ್ಲ. ನಮ್ಮ ಕಡೆ ಒಂದೇ ವಿಡಿಯೋ ಹಾಡಿಗೂ ಆಲ್ಬಂ ಸಾಂಗ್ ಅನ್ನುತ್ತಾರೆ. ಅವನ್ನು ಕೇಳುತ್ತೇವೆ, ಖುಷಿಯೂ ಪಡುತ್ತೇವೆ, ಅಂಕ ಕೊಡುವುದಿಲ್ಲ.

ಸಿನಿಮಾದ್ದೂ ನಡೆಯುತ್ತದೆ, ಒಂದು ಷರತ್ತಿನ ಮೇಲೆ: ಸಿನಿಮಾ ನೋಡುವ ಮುಂಚೆ ಹಾಡು ಕೇಳಿರಬೇಕು. ಪರದೆಯ ಮೇಲೆ ನಾಯಕ ಮಳೆಯಲ್ಲಿ ನಡೆದದ್ದು ಕಣ್ಣಿಗೆ ಬಿದ್ದ ಮೇಲೆ ಕಿವಿ ನಿಷ್ಪಕ್ಷಪಾತವಾಗಿ ಉಳಿಯುವುದಿಲ್ಲ.

ಹಾಡುಗಳ ಉದ್ದ, ಸಂಖ್ಯೆ ಎಲ್ಲ ಯಾವತ್ತೂ ಯಂತ್ರ ಹೇಳಿದ ಹಾಗೇ ಕೇಳಿವೆ. ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಮಿರಜದಲ್ಲಿದ್ದ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರಂಥವರು ಇಡೀ ರಾಗವನ್ನು ಅಷ್ಟರಲ್ಲೇ ಹಿಡಿದು ಕೊಟ್ಟರು. 1948ರಲ್ಲಿ ಎಲ್‌ಪಿ ಅನ್ನುವ ಉದ್ದ ಓಡುವ ತಟ್ಟೆ ಬಂತು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ ಸಿಕ್ಕಿತು. ಹಾಡುಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಕಟ್ಟಬಹುದು ಅನ್ನುವ ಯೋಚನೆಗೆ ಆಗ ಜಾಗ ಆಯಿತು. ಕನ್ನಡದಲ್ಲಿ ಆ ಕೆಲಸ ಮನೆಮನೆಗೆ ಮುಟ್ಟಿಸಿದ್ದು ಕ್ಯಾಸೆಟ್. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂದ ಮೇಲೆ, ಕವಿತೆ ಅನ್ನುವುದು ಅಡುಗೆ ಮನೆಯಲ್ಲೂ ಕೇಳಿಸತೊಡಗಿತು. ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ತಂಬೂ ಪಕ್ಕ ಕ್ಯಾಸೆಟ್ ಅಂಗಡಿಗಳಿದ್ದದ್ದು ನಿಮಗೂ ನೆನಪಿರಬೇಕು. 60 ನಿಮಿಷದ ಕ್ಯಾಸೆಟ್ ಅಂದರೆ ಮಗ್ಗುಲಿಗೆ 30. ಆಗ ಹಾಡು ಹಾರಿಸಲು ಬಟನ್ ಒತ್ತಿ ಅಂದಾಜಿನಲ್ಲಿ ಓಡಿಸಬೇಕಿತ್ತು, ಅದಕ್ಕೆ ಜನ ಸುಮ್ಮನೆ ಪೂರ್ತಿ ಕೇಳುತ್ತಿದ್ದರು.

ಈಗ ಸ್ಪಾಟಿಫೈನಲ್ಲಿ ಒಂದು ಹಾಡು 30 ಸೆಕೆಂಡು ಓಡಿದರೆ ಒಂದು ಕೇಳಿಕೆ ಅಂತ ಲೆಕ್ಕ. ಹಾಗಾಗಿ ಹಾಡು ಕಟ್ಟುವವರು ಇರುವ ಒಳ್ಳೇ ಮಾಲನ್ನೆಲ್ಲ ಮೊದಲ ಅರ್ಧ ನಿಮಿಷಕ್ಕೇ ಸುರಿಯುತ್ತಾರೆ. ಆರಂಭದ ವಾದ್ಯದ ತುಣುಕು ಮಾಯವಾಯಿತು. ನನಗೆ ಇದು ನಷ್ಟ ಅನ್ನಿಸುತ್ತದೆ. ಗೆಳತಿಗೆ ಅನ್ನಿಸುವುದಿಲ್ಲ: ಮೂರು ನಿಮಿಷದ ತಟ್ಟೆ ಖಾನ್ ಸಾಹೇಬರನ್ನು ಕೆಡಿಸಲಿಲ್ಲ, ಅರ್ಧ ನಿಮಿಷ ಇವರನ್ನ ಯಾಕೆ ಕೆಡಿಸುತ್ತದೆ ಅಂತ ಅವಳ ವಾದ.

ಎಷ್ಟು ಸಲ ಕೇಳಿ ಅಂಕ ಹಾಕ್ತೀರಿ?

ಮೂರು ಸಲ. ಮೊದಲನೇ ಸಲ ಕೈಯಲ್ಲಿ ಪೆನ್ನು ಇರಬಾರದು. ಮೊದಲ ಹಾಡಿನಿಂದ ಕೊನೆಯ ಹಾಡಿನತನಕ ಒಂದೇ ಏಟಿಗೆ, ಬರೆದ ಕ್ರಮದಲ್ಲೇ ಕೇಳಬೇಕು. ಎರಡನೇ ಸಲ ನೋಟ್‌ಬುಕ್ ಹಿಡಿದು, ಒಳ್ಳೇ ಹೆಡ್‌ಫೋನ್ ಹಾಕಿ. ಮೂರನೇ ಸಲ ಏನಾದರೂ ಕೆಲಸ ಮಾಡುತ್ತ. ಅವಳು ಅಂಗಡಿಯಲ್ಲಿ ಮಾಲು ಹೊಂದಿಸುತ್ತ ಕೇಳುತ್ತಾಳೆ. ನಾನು ಭಾನುವಾರ ವಿಜಯಪುರಕ್ಕೆ ಹೋಗುವ ರೈಲಿನಲ್ಲಿ ಕೇಳುತ್ತೇನೆ. ಆಲಮಟ್ಟಿ ಹತ್ತಿರ ಕೃಷ್ಣಾ ಸೇತುವೆ ಮೇಲೆ ರೈಲು ಏರಿದರೆ ಮೆಲುದನಿಯ ಹಾಡು ಆ ಗದ್ದಲದಲ್ಲಿ ಮುಳುಗುತ್ತದೆ. ಅದು ಹಾಡಿನ ತಪ್ಪಲ್ಲ, ಅಂಕ ಕಡಿಮೆ ಮಾಡುವುದಿಲ್ಲ. ಆದರೆ ಸೇತುವೆ ದಾಟಿದ ಮೇಲೆ ಅದನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಬೇಕು ಅನ್ನಿಸಿತಾ ಇಲ್ವಾ? ಅದನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ಇನ್ನೊಂದು ಸಣ್ಣ ವಿಷಯ, ಸಣ್ಣದಾದರೂ ಮುಖ್ಯ. ಎರಡು ಆಲ್ಬಂ ಹೋಲಿಸುವಾಗ ಎರಡನ್ನೂ ಒಂದೇ ಮಟ್ಟದ ದನಿಯಲ್ಲಿ ಕೇಳಿ. ಮನುಷ್ಯನ ಕಿವಿಗೆ ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಅಂತ ಅನ್ನಿಸುತ್ತದೆ. ಮಿಕ್ಸಿಂಗ್ ಮಾಡುವವರಿಗೂ ಇದು ಚೆನ್ನಾಗಿ ಗೊತ್ತು, ಅದಕ್ಕೇ ಕೆಲವರು ಎಲ್ಲವನ್ನೂ ಹಿಂಡಿ ಹಿಂಡಿ ಜೋರು ಮಾಡಿರುತ್ತಾರೆ. ಐದನೇ ಹಾಡಿಗೆ ತಲೆ ಸಿಡಿಯಲು ಶುರುವಾಗುತ್ತದೆ.

ಫೋನಿನ ಸ್ಪೀಕರಿನಲ್ಲೇ ಕೇಳಿ ಅಂಕ ಹಾಕಬಾರದಾ? ಎಲ್ಲರೂ ಅದರಲ್ಲೇ ಕೇಳೋದಲ್ವಾ?

ಅಷ್ಟು ಪುಟ್ಟ ಸ್ಪೀಕರಿನಲ್ಲಿ ಕೆಳಗಿನ ದನಿ ಬರುವುದೇ ಇಲ್ಲ. ತಬಲಾದ ಡಗ್ಗಾ ಹೋಯಿತು ಅಂದರೆ ಅರ್ಧ ತಬಲಾ ಹೋದಂತೆ. ಪಾಪ, ನುಡಿಸಿದವನ ಎಡಗೈಗೆ ಸೊನ್ನೆ ಬೀಳುತ್ತದೆ.

ಅಂಕಗಳ ಅರ್ಥ ಏನು? ಹತ್ತಕ್ಕೆ ಹತ್ತು ಯಾರಿಗಾದರೂ ಕೊಟ್ಟಿದ್ದೀರಾ?

5 ಅಂದರೆ ಕೇಳಿದ್ದಕ್ಕೆ ನಷ್ಟವಿಲ್ಲ. 7 ಅಂದರೆ ನಾವೇ ಫೋನ್ ಮಾಡಿ ಇನ್ನೊಬ್ಬರಿಗೆ ಹೇಳುವಂಥದ್ದು. 3ಕ್ಕಿಂತ ಕೆಳಗೆ ಹೋದದ್ದನ್ನು ಹಾಳೆಯಲ್ಲಿ ಹಾಕುವುದಿಲ್ಲ. ಯಾರೋ ಸಾಲ ಮಾಡಿ ರೆಕಾರ್ಡ್ ಮಾಡಿಸಿದ್ದನ್ನು ಗಾಜಿಗೆ ಅಂಟಿಸಿ ಬೈಯುವುದರಲ್ಲಿ ಯಾರಿಗೂ ಲಾಭ ಇಲ್ಲ. ದೊಡ್ಡ ಕಂಪನಿಯ ದೊಡ್ಡ ಖರ್ಚಿನ ಆಲ್ಬಂ ಆದರೆ ಈ ರಿಯಾಯಿತಿ ಇಲ್ಲ, 2 ಬಂದರೂ ಹಾಕುತ್ತೇವೆ.

ಹತ್ತು ಹೊಸ ಆಲ್ಬಂಗೆ ಸಿಗುವುದೇ ಇಲ್ಲ. ವರ್ಷ ಕಳೆದ ಮೇಲೂ ಯಾರೂ ನೆನಪು ಮಾಡದೇ ನಾವಾಗೇ ಹಾಕಿಕೊಂಡು ಕೇಳಿದರೆ ಆಗ ನೋಡೋಣ ಅಂತ ನಿಯಮ. ಅರ್ಧ ಅಂಕ ಕೊಡುವುದಿಲ್ಲ. ಏಳೂವರೆ ಅನ್ನುವುದು ತೀರ್ಮಾನ ಮಾಡಲು ಸೋಮಾರಿತನ.

ಡಿಜೆ ಜಾನಪದಕ್ಕೂ ಹಿಂದೂಸ್ತಾನಿಗೂ ಒಂದೇ ತಕ್ಕಡಿಯಾ? ಇದು ನ್ಯಾಯಾನಾ?

ಎಲ್ಲಕ್ಕಿಂತ ಜಾಸ್ತಿ ಸಿಟ್ಟಿನಿಂದ ಬರುವ ಪ್ರಶ್ನೆ ಇದು, ಎರಡೂ ಕಡೆಯಿಂದ ಬರುತ್ತದೆ. ಶಾಸ್ತ್ರೀಯ ಸಂಗೀತ ಕಲಿತ ಮೇಷ್ಟ್ರು ಒಬ್ಬರು ‘ಟ್ರ್ಯಾಕ್ಟರ್ ಹಾಡಿಗೆ 7, ನಮ್ಮ ರಾಗಕ್ಕೆ 6, ಏನ್ರೀ ಇದು’ ಅಂತ ಕೇಳಿದರು. ಡಿಜೆ ಹುಡುಗರು ‘ಅಕ್ಕಾರ, ನಮ್ಮ ಹಾಡು ಲಕ್ಷಾಂತರ ಮಂದಿ ನೋಡ್ಯಾರ, ನೀವು 5 ಕೊಟ್ಟೀರಿ’ ಅನ್ನುತ್ತಾರೆ.

ತಕ್ಕಡಿ ಒಂದೇ, ಕಲ್ಲು ಬೇರೆ. ಆಲ್ಬಂ ಏನು ಮಾಡಲು ಹೊರಟಿತ್ತು, ಅದನ್ನು ಮಾಡಿತಾ, ಮಾಡಲು ಯೋಗ್ಯವಾಗಿತ್ತಾ? ಎಲ್ಲರಿಗೂ ಈ ಮೂರೇ ಪ್ರಶ್ನೆ.

ಡಿಜೆ ಜಾನಪದ ಕೇಳುವುದು ಕೋಣೆಯಲ್ಲಿ ಕೂತಲ್ಲ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ರಾತ್ರಿ ರಸ್ತೆ ಬದಿ ನಿಂತು ನೋಡಿ. ಎರಡೆರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರ್ ಬರುತ್ತದೆ. ಚಾಲಕನ ತಲೆ ಮೇಲೆ ಸ್ಪೀಕರ್ ಸಾಲು, ಬಣ್ಣದ ದೀಪ. ಹಾಡು ಮೊದಲು ಕೇಳಿಸುತ್ತದೆ, ಗಾಡಿ ಆಮೇಲೆ ಕಾಣುತ್ತದೆ. ಇಂಜಿನ್ನಿನ ಗುಡುಗಿನ ಮೇಲೆ ಹಾಡು ಏರಬೇಕು. ನಿದ್ದೆ ತೂಗುವ ಚಾಲಕನನ್ನು ಕಾರ್ಖಾನೆಯ ಗೇಟಿನತನಕ ಎಚ್ಚರ ಇಡಬೇಕು. ಅದಕ್ಕೇ ಎಲೆಕ್ಟ್ರಾನಿಕ್ ಪ್ಯಾಡಿನ ಏಟು ಅಷ್ಟು ಮುಂದೆ, ದನಿಗೆ ಸ್ವರ ತಿದ್ದುವ ಆಟೋಟ್ಯೂನ್ ಅಷ್ಟು. ಆ ಕೆಲಸ ಮಾಡುವ ಹಾಡಿಗೆ ‘ಇದರಲ್ಲಿ ಗಮಕ ಇಲ್ಲ’ ಅಂತ ಅಂಕ ಕಳೆದರೆ ಅದು ತಕ್ಕಡಿಯ ತಪ್ಪು.

ಹಾಗಂತ ಬಿಟ್ಟಿ ಅಂಕವೂ ಇಲ್ಲ. ಒಂದೇ ಪ್ಯಾಡ್ ಏಟನ್ನು ಆರು ಹಾಡಿಗೂ ಹೊಲಿದರೆ ಅದು ಗೊತ್ತಾಗುತ್ತದೆ. ಹುಡುಗಿ ಕೈಕೊಟ್ಟಳು ಅಂತ ಆರೂ ಹಾಡಿನಲ್ಲಿ ಅವಳನ್ನು ಬೈದರೆ ನನ್ನ ಅಂಕ ನೆಲಕ್ಕೆ ಬೀಳುತ್ತದೆ. ಗೆಳತಿ ನನಗಿಂತ ಮೆತ್ತಗೆ, ತಾಳ ಚೆನ್ನಾಗಿದ್ದರೆ ಮಾತಿಗೆ ಅರ್ಧ ಮಾಫಿ ಕೊಡುತ್ತಾಳೆ. ಈ ಒಂದು ವಿಷಯದಲ್ಲಿ ನಮ್ಮಿಬ್ಬರ ಅಂಕ ಸೇರಿದ್ದೇ ಇಲ್ಲ.

ಲಕ್ಷಾಂತರ ಜನ ನೋಡಿದ್ದರ ಬಗ್ಗೆ: ಅದು ಆಗಲೇ ಸಿಕ್ಕ ಬಹುಮಾನ. ಅದರ ಮೇಲೆ ನಮ್ಮ ಅಂಕ ಯಾಕೆ ಬೇಕು?

ಹಿಂದೂಸ್ತಾನಿ ಆಲ್ಬಂಗಳ ಕಥೆ ಬೇರೆ. ಅಲ್ಲಿ ಕೆಟ್ಟ ಹಾಡುಗಾರಿಕೆ ಅಪರೂಪ, ಜೀವ ಇಲ್ಲದ ಹಾಡುಗಾರಿಕೆ ಜಾಸ್ತಿ. ನಿಧಾನದ ವಿಲಂಬಿತ ಆಯ್ತು, ವೇಗದ ದ್ರುತ ಆಯ್ತು, ಕಡೇಗೆ ಒಂದು ಭೈರವಿ ರಾಗ, ಮುಗೀತು. ಕಲಿತದ್ದನ್ನು ಒಪ್ಪಿಸಿದ ಹಾಗೆ. ಮೇಷ್ಟ್ರ 6 ಬಂದದ್ದು ಅಂಥ ಆಲ್ಬಂಗೆ.

ವಚನಗಳ ಆಲ್ಬಂ ಇಷ್ಟೊಂದು ಬರ್ತಾವೆ, ಎಲ್ಲ ಒಂದೇ ಥರ ಅಲ್ವಾ? ಹೇಗೆ ಬೇರೆ ಮಾಡ್ತೀರಿ?

ಕೂಡಲಸಂಗಮ ನಮ್ಮ ಜಿಲ್ಲೆಯಲ್ಲೇ ಇದೆ, ಹಾಗಾಗಿ ವಚನದ ಆಲ್ಬಂ ಬರದ ತಿಂಗಳೇ ಕಡಿಮೆ. ನಿಜ, ಬಹಳಷ್ಟು ಒಂದೇ ಥರ ಇರುತ್ತವೆ. ಕೊಳಲು, ಮೆತ್ತನೆ ಕೀಬೋರ್ಡು, ಹಿಂದೆ ಕೋರಸ್ಸು.

ವಚನ ಹಾಡುವುದು ಕಷ್ಟದ ಕೆಲಸ. ಅದಕ್ಕೆ ಪದ್ಯದ ಹಾಗೆ ಕಟ್ಟಿದ ಸಾಲಿಲ್ಲ. ಒಂದು ಸಾಲು ಮೂರು ಮಾತಿಗೆ ಮುಗಿಯುತ್ತದೆ, ಮುಂದಿನದು ಉಸಿರು ತಪ್ಪುವಷ್ಟು ಉದ್ದ. ತಾಳಕ್ಕೆ ಕೂರಿಸಲು ರಾಗ ಹಾಕುವವರು ಯಾವುದೋ ಮಾತನ್ನು ಎಳೆಯಬೇಕು, ಯಾವುದನ್ನೋ ಎರಡು ಸಲ ಅನ್ನಿಸಬೇಕು. ಯಾವ ಮಾತನ್ನು ಎಳೆದರು, ಯಾವುದನ್ನು ಮತ್ತೆ ಹೇಳಿಸಿದರು ಅನ್ನುವುದರಲ್ಲೇ ಅವರಿಗೆ ವಚನ ಅರ್ಥ ಆಗಿದೆಯೋ ಇಲ್ಲವೋ ತಿಳಿಯುತ್ತದೆ. ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡಿದ ಧ್ವನಿಮುದ್ರಿಕೆಗಳನ್ನು ಕೇಳಿ. ರಾಗ ಎಷ್ಟೇ ಮೇಲಕ್ಕೆ ಹೋಗಲಿ, ಮಾತು ಮುರಿಯುವುದಿಲ್ಲ.

ನಾವು ಮೊದಲು ಹೋಗುವುದು ಅಂಕಿತಕ್ಕೆ, ಅಂದರೆ ವಚನಕಾರರು ತಮ್ಮ ಗುರುತಾಗಿ ಹಾಕುವ ದೇವರ ಹೆಸರಿಗೆ. ಬಸವಣ್ಣನವರ ಕೂಡಲಸಂಗಮದೇವ, ಅಕ್ಕನ ಚೆನ್ನಮಲ್ಲಿಕಾರ್ಜುನ, ಅಲ್ಲಮನ ಗುಹೇಶ್ವರ. ಈ ಮಾತು ಬಂದ ಕೂಡಲೇ ಹೆಚ್ಚಿನ ಆಲ್ಬಂಗಳಲ್ಲಿ ಕೋರಸ್ ಎದ್ದು ನಿಲ್ಲುತ್ತದೆ, ಗಂಟೆ ಬಾರಿಸುತ್ತದೆ, ಗಾಯಕರು ಎತ್ತರದ ಸ್ವರಕ್ಕೆ ಹೋಗುತ್ತಾರೆ. ಪ್ರತಿ ವಚನದಲ್ಲೂ ಅದೇ. ಹೋದ ವರ್ಷ ಕೇಳಿದ ಒಂದು ಆಲ್ಬಂನಲ್ಲಿ ಗಾಯಕಿ ಬೇರೆ ಥರ ಮಾಡಿದಳು. ತಬಲಾ ನಿಂತಿತು. ತಂಬೂರಿ ಒಂದೇ ಉಳಿಯಿತು. ಮೂರು ಮೀಟಿನಷ್ಟು ಹೊತ್ತು ಏನೂ ಹಾಡಲಿಲ್ಲ. ಆಮೇಲೆ ‘ಗುಹೇಶ್ವರಾ’ ಅಂತ ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟು ಮೆಲ್ಲಗೆ, ಕೆಳಗಿನ ಷಡ್ಜಕ್ಕೆ (ಸಾ ಸ್ವರಕ್ಕೆ) ಬಂದು ಕೂತಳು. ಪ್ರಶ್ನೆ ಕೇಳುತ್ತಿದ್ದಾಳೋ ಉತ್ತರ ಹೇಳುತ್ತಿದ್ದಾಳೋ ಗೊತ್ತಾಗಲಿಲ್ಲ. ಅಲ್ಲಮನ ಮಾತಿಗೆ ಅದಕ್ಕಿಂತ ಸರಿಯಾದ ದನಿ ಇನ್ನೇನಿದೆ? ಇಬ್ಬರೂ 8 ಕೊಟ್ಟೆವು. ಎಲ್ಲ ವಚನವನ್ನೂ ಹಾಗೇ ಹಾಡಿದ್ದರೆ ಕಡಿಮೆ ಕೊಡುತ್ತಿದ್ದೆವು.

ಇದೇ ಜಾತಿಯ ಇನ್ನೊಂದು ದೂರು ಪ್ರತಿಧ್ವನಿಯದು. ಭಕ್ತಿಯ ಆಲ್ಬಂ ಅಂದರೆ ದನಿಗೆ ಕೊನೆಯಿಲ್ಲದ ಪ್ರತಿಧ್ವನಿ ಹಾಕಬೇಕು ಅಂತ ಸ್ಟುಡಿಯೋದವರು ಯಾಕೋ ನಂಬಿದ್ದಾರೆ. ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಶಾಲೆ ಮಕ್ಕಳು ಕೂಗುವಾಗ ನಿಂತಿದ್ದೀರಾ? ಒಬ್ಬನ ಕೂಗು ಮುಗಿಯುವ ಮೊದಲೇ ಇನ್ನೊಬ್ಬನದು ಬಂದು ಬಿದ್ದು ಕಡೆಗೆ ಯಾರ ಮಾತೂ ಉಳಿಯುವುದಿಲ್ಲ. ಅಂಥ ಆಲ್ಬಂಗಳೂ ಹಾಗೇ. ಗುಮ್ಮಟಕ್ಕೆ ಹೋದ ಮಕ್ಕಳಿಗೆ ಅದು ಮಜಾ, ವಚನ ಕೇಳಬೇಕು ಅಂತ ಕೂತ ನನಗೆ ಅಲ್ಲ.

ಇದೆಲ್ಲ ಬೆಂಗಳೂರಿನವರ ಕೆಲಸ. ನಮ್ಮೂರಲ್ಲಿ ಕೂತು ಸಂಗೀತ ಅಳೆಯೋಕೆ ನೀವ್ಯಾರು?

ವಿಜಯಪುರದಲ್ಲಿ ಈ ಪ್ರಶ್ನೆ ಕೇಳಿದರೆ ಎರಡನೇ ಇಬ್ರಾಹಿಂ ಆದಿಲ್ ಶಾ ಎದ್ದು ಬಂದಾನು! 1580ರಿಂದ 1627ರತನಕ ಆಳಿದ ದೊರೆ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ. ತಾನೇ ಹಾಡು ಬರೆದು ‘ಕಿತಾಬ್-ಎ-ನವರಸ್’ ಅಂತ ಕಟ್ಟಿದ, ಹಾಡುಗಳಿಗೆ ರಾಗದ ಹೆಸರೂ ಹಾಕಿದ, ಸರಸ್ವತಿಯನ್ನೂ ಗಣಪತಿಯನ್ನೂ ನೆನೆದ. ಅದರ ಹುರುಪಿನಲ್ಲಿ ನವರಸಪುರ ಅನ್ನುವ ಊರನ್ನೇ ಕಟ್ಟಿಸಲು ಹೊರಟ. ಗೆಳತಿ ಇದನ್ನು ನಮ್ಮೂರಿನ ಮೊದಲ ಆಲ್ಬಂ ಅನ್ನುತ್ತಾಳೆ. ಅಂಕ ಕೊಡು ಅಂದರೆ ಮಾತ್ರ ನುಣುಚಿಕೊಳ್ಳುತ್ತಾಳೆ.

ಬಾಗಲಕೋಟೆ ಕಡೆ ಬಂದರೆ ಬೀಳಗಿಯ ಅಮೀರಬಾಯಿ ಕರ್ನಾಟಕಿ. ಹಿಂದಿ ಸಿನಿಮಾದ ಹಾಡುಗಳಲ್ಲಿ ದೇಶಕ್ಕೆಲ್ಲ ಕೇಳಿಸಿದ ದನಿ. ಅವರ ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ಹೆಸರು ಮಾಡಿದರು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹುಡುಗ ಶಿವಪುತ್ರ ಮುಂದೆ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವ ಆದ. ಕೌಜಲಗಿ ನಿಂಗಮ್ಮ ಶ್ರೀಕೃಷ್ಣ ಪಾರಿಜಾತ ಬಯಲಾಟ ಆಡಿದ ಸೀಮೆ ಇದು. ಸಿತಾರು, ತಂಬೂರಿ ಮಾಡುವ ಮಿರಜ ಇಲ್ಲಿಂದ ದೂರವೇನಿಲ್ಲ.

ಹಿಂದಿನವರ ಹೆಸರು ಹೇಳಿದರೆ ನಮಗೆ ಯೋಗ್ಯತೆ ಬರುವುದಿಲ್ಲ, ಅದು ಗೊತ್ತು. ಹೇಳುವುದು ಇಷ್ಟೇ. ಇಲ್ಲಿ ಒಂದೇ ಮನೆಯ ಅಜ್ಜಿ ಮರಾಠಿ ಅಭಂಗ ಗುನುಗುತ್ತಾಳೆ, ಅಪ್ಪ ತತ್ವಪದಕ್ಕೆ ತಾಳ ಹಾಕುತ್ತಾನೆ, ಮಗ ಡಿಜೆ ಕೇಳುತ್ತಾನೆ. ಇಷ್ಟು ಥರದ್ದು ಕಿವಿಗೆ ಬಿದ್ದವರು ಹೊಸ ಆಲ್ಬಂ ಬಗ್ಗೆ ಬಾಯಿ ತೆರೆಯಲು ಬೆಂಗಳೂರಿನ ಪರವಾನಗಿ ಬೇಡ.

ದುಡ್ಡು ತಗೊಂಡು ಅಂಕ ಹಾಕ್ತೀರಂತೆ?

ಇಲ್ಲ. ಒಬ್ಬರು ಕರದಂಟಿನ ಡಬ್ಬಿ ತಂದುಕೊಟ್ಟು ಹೋಗಿದ್ದರು. ತಿಂದೆವು. ಅವರಿಗೆ ಸಿಕ್ಕಿದ್ದು 4 ಮತ್ತು 5.

ಪರಿಚಯದವರ ಆಲ್ಬಂ ಬಂದರೆ ಏನು ಮಾಡ್ತೀರಿ?

ಸಣ್ಣ ಊರಿನ ದೊಡ್ಡ ತಲೆನೋವು. ಬೆಂಗಳೂರಿನಲ್ಲಿ ವಿಮರ್ಶೆ ಬರೆದವರು ಹಾಡಿದವರನ್ನು ಮರುದಿನ ಸಂತೆಯಲ್ಲಿ ನೋಡುವುದಿಲ್ಲ. ಇಲ್ಲಿ ಹಾಡಿದಾಕೆ ನನ್ನ ವಿದ್ಯಾರ್ಥಿಯ ತಾಯಿ ಆಗಿರುತ್ತಾಳೆ, ತಬಲಾದವ ಅಂಗಡಿಯಲ್ಲಿ ಉದ್ರಿ ಬರೆಸುವ ಗಿರಾಕಿ ಆಗಿರುತ್ತಾನೆ.

ಇಬ್ಬರಲ್ಲಿ ಒಬ್ಬರಿಗೆ ಪರಿಚಯ ಇದ್ದರೆ ಅವರು ಅಂಕ ಕೊಡುವುದಿಲ್ಲ, ಆ ಜಾಗದಲ್ಲಿ ‘ಪರಿಚಯ’ ಅಂತ ಬರೆಯುತ್ತೇವೆ. ಇಬ್ಬರಿಗೂ ಪರಿಚಯ ಇದ್ದರೆ ಆಲ್ಬಂ ಹಾಳೆಗೆ ಬರುವುದಿಲ್ಲ. ಮನೆಗೆ ಹೋಗಿ ಚಹಾ ಕುಡಿದು ಎದುರಿಗೇ ಹೇಳಿ ಬರುತ್ತೇವೆ. ಎದುರಿಗೆ ಹೇಳುವಾಗ ಮಾತು ತಾನಾಗೇ ಮೆತ್ತಗಾಗುತ್ತದೆ, ಅದಕ್ಕೇ ಅದನ್ನು ಅಂಕ ಅಂತ ಕರೆಯುವುದಿಲ್ಲ.

ಕಲಾವಿದರು ಸಿಟ್ಟಾಗಲ್ವಾ?

ಆಗುತ್ತಾರೆ. ಆಗಲೂಬೇಕು, ಅವರ ದುಡಿಮೆ ಅದು. ಅಂಗಡಿಗೆ ಬಂದು ಮಾತಾಡಿದರೆ ಕೂರಿಸಿ ಕೇಳುತ್ತೇವೆ. ಅವರು ಬರೆದುಕೊಟ್ಟರೆ ಮುಂದಿನ ತಿಂಗಳ ಹಾಳೆಯಲ್ಲಿ ನಮ್ಮ ಅಭಿಪ್ರಾಯದಷ್ಟೇ ಜಾಗ ಕೊಡುತ್ತೇವೆ. ಸಂಖ್ಯೆಗಿಂತ ಜಾಸ್ತಿ ಸಿಟ್ಟು ತರಿಸುವುದು ನಿಮಿಷ-ಸೆಕೆಂಡು ಹಾಕಿ ಬರೆದದ್ದು. ಆದರೆ ಆಮೇಲೆ ಉಪಯೋಗಕ್ಕೆ ಬರುವುದೂ ಅದೇ. ‘5 ಕೊಟ್ಟಿದ್ದಾರೆ’ ಅಂದರೆ ಏನು ಮಾಡಬೇಕು ಗೊತ್ತಾಗಲ್ಲ. ‘ಎರಡನೇ ಹಾಡಿನ 1 ನಿಮಿಷ 40 ಸೆಕೆಂಡಿನಲ್ಲಿ ಹಾರ್ಮೋನಿಯಂ ದನಿಯನ್ನು ಮುಚ್ಚಿದೆ’ ಅಂದರೆ ಹೋಗಿ ಕೇಳಿ ನೋಡಬಹುದು.

ಮಷೀನ್ ಕೈಲಿ ಮಾಡಿಸಿದ ಹಾಡುಗಳಿಗೂ ಅಂಕ ಇದೆಯಾ?

ಪೂರ್ತಿ ಎಐ ಹಾಡಿದ ಆಲ್ಬಂಗೆ ಇಲ್ಲ. ವಾದ್ಯಕ್ಕೆ ಸಹಾಯ ತೆಗೆದುಕೊಂಡು ಮನುಷ್ಯರು ಹಾಡಿದ್ದರೆ ಇದೆ, ಆದರೆ ಮೊದಲೇ ಹೇಳಬೇಕು. ಗೆಳತಿಗೆ ಈ ನಿರ್ಬಂಧ ಒಪ್ಪಿಗೆ ಇಲ್ಲ. ಕ್ಯಾಸಿಯೋ ಕೀಬೋರ್ಡು ಬಂದಾಗಲೂ ನಿಮ್ಮಂಥವರು ಹೀಗೇ ಅಂದಿದ್ದರು ಅಂತ ನನ್ನನ್ನು ಹಂಗಿಸುತ್ತಾಳೆ. ಈ ಜಗಳ ನಡೆಯುತ್ತಿದೆ.

ನಮ್ಮ ಆಲ್ಬಂ ಕೊಡಬೇಕಾದರೆ ಏನೇನು ತರಬೇಕು?

ಪೆನ್‌ಡ್ರೈವಿನಲ್ಲಿ ಹಾಡುಗಳು, ಆಗುವುದಾದರೆ ದನಿಯನ್ನು ಹಿಂಡಿ ಸಣ್ಣದು ಮಾಡದ ವೇವ್ ಫೈಲ್. ವಾಟ್ಸಾಪಿನಲ್ಲಿ ಕಳಿಸಿದರೆ ಯಾರೋ ಫಾರ್ವರ್ಡ್ ಮಾಡಿದ ಶುಭಾಶಯಗಳ ನಡುವೆ ಕಳೆದುಹೋಗುತ್ತದೆ. ಹಾಡುಗಳ ಕ್ರಮ ಬರೆದ ಚೀಟಿ, ಸಾಹಿತ್ಯ, ನುಡಿಸಿದ ಎಲ್ಲರ ಹೆಸರು ಬೇಕು. ತಾಳ ಹಾಕಿದವರ ಹೆಸರನ್ನು ಬಿಡುವವರೇ ಜಾಸ್ತಿ, ದಯವಿಟ್ಟು ಬಿಡಬೇಡಿ. ಮುಖಪುಟದ ಚಿತ್ರ, ಉದ್ಘಾಟನೆಯ ಫೋಟೋ, ಗಣ್ಯರ ಶುಭಾಶಯ ಬೇಡ.

ನಾನೂ ನನ್ನ ದೋಸ್ತನೂ ಶುರು ಮಾಡಬೇಕು ಅಂತಿದ್ದೇವೆ. ಹೇಗೆ?

ಮೊದಲು ನಿಮ್ಮಿಬ್ಬರ ರುಚಿ ಬೇರೆ ಇದೆಯಾ ನೋಡಿ. ಎಲ್ಲದಕ್ಕೂ ‘ಹೌದು ಹೌದು’ ಅನ್ನುವ ದೋಸ್ತ ಊಟಕ್ಕೆ ಚೆನ್ನ, ಈ ಕೆಲಸಕ್ಕೆ ಅಲ್ಲ. ಇಬ್ಬರೂ ಮೊದಲೇ ಕೇಳಿ ಮೆಚ್ಚಿದ ಹಳೇ ಆಲ್ಬಂ ಒಂದನ್ನು ತೆಗೆದು ಅದಕ್ಕೆ ಅಂಕ ಹಾಕಿ. ಮೆಚ್ಚಿದ್ದರಲ್ಲೇ ಅಂಕ ಬೇರೆ ಬರುತ್ತದೆ, ಆಗ ಯಾಕೆ ಅಂತ ಮಾತಾಡಲು ಭಯ ಇರುವುದಿಲ್ಲ. ಆಮೇಲೆ ಹೊಸದಕ್ಕೆ ಬನ್ನಿ. ತಿಂಗಳಿಗೆ ಮೂರ್ನಾಲ್ಕು ಸಾಕು. ಎಲ್ಲವನ್ನೂ ಕೇಳಿಬಿಡುತ್ತೇವೆ ಅಂತ ಹೊರಟವರು ಎರಡನೇ ತಿಂಗಳಿಗೆ ಮೊದಲ ಹಾಡು ಮಾತ್ರ ಕೇಳಿ ಅಂಕ ಹಾಕಲು ಶುರು ಮಾಡುತ್ತಾರೆ.

‘ಅದ್ಭುತ’, ‘ಮನಮುಟ್ಟುವ’ ಅನ್ನುವ ಮಾತುಗಳನ್ನು ಬಳಸಬಾರದು ಅಂತ ಒಪ್ಪಂದ ಮಾಡಿಕೊಳ್ಳಿ. ಬಳಸಿದವರು ಆ ಭಾನುವಾರದ ಗಿರಮಿಟ್ಟಿನ ದುಡ್ಡು ಕೊಡಬೇಕು. ನಮ್ಮಲ್ಲಿ ಹೆಚ್ಚಾಗಿ ಕೊಡುವವಳು ಅವಳೇ.